ಮೊದಲು ಆಯಿಯ ಪಾಸ್‌ಪೋರ್ಟು, ಆಮೇಲೆ ರಿಸಾರ್ಟು

ರಾಯಚೂರು, ಮಾನ್ವಿ, ದೇವದುರ್ಗದ ಕಡೆ ಲಗ್ನ ಗೊತ್ತಾಯಿತೆಂದರೆ ಮನೆಯಲ್ಲಿ ಮೊದಲು ಏಳುವ ಮಾತು ಹಂದರದ್ದು. ಮನೆ ಮುಂದೆ ಹಾಕುವುದೋ, ಊರ ಗುಡಿಯ ಮುಂದೋ, ರಾಯಚೂರಿನಲ್ಲಿ ಕಲ್ಯಾಣ ಮಂಟಪ ಹಿಡಿಯುವುದೋ ಎಂದು ಹಿರಿಯರು ಕೂತು ಮಾತಾಡುತ್ತಾರೆ. ಈಗ ಉಳ್ಳವರ ಮನೆಗಳಲ್ಲಿ ಆ ಮಾತಿನ ನಡುವೆ ಫುಕೆಟ್, ಬಾಲಿ, ದುಬೈ ಹೆಸರುಗಳೂ ಕೇಳಿಬರುತ್ತಿವೆ. ಹುಡುಗ ಅಮೆರಿಕದಲ್ಲಿ, ಹುಡುಗಿ ಬೆಂಗಳೂರಿನಲ್ಲಿ, ಗೆಳೆಯರು ಸಿಡ್ನಿ, ಸಿಂಗಪುರದಲ್ಲಿ. ಎಲ್ಲರಿಗೂ ನಡುವೆ ಬರುವ ಒಂದು ಜಾಗ ಬೇಕೆಂಬುದು ಮಕ್ಕಳ ವಾದ. ಊರಲ್ಲಿ ಮಾಡಿದರೆ ಸಾವಿರಾರು ಎಲೆ ಹಾಕಬೇಕು, ಅಲ್ಲಾದರೆ ನೂರು ಜನರಲ್ಲಿ ಮುಗಿಯುತ್ತದೆ ಎಂಬುದು ಅಪ್ಪನ ಲೆಕ್ಕ. ಎರಡೂ ಒಪ್ಪುವಂಥ ಮಾತೇ. ಆದರೆ ಆ ನೂರು ಜನ ಯಾರು, ಅವರು ಅಲ್ಲಿಗೆ ಮುಟ್ಟುವುದು ಹೇಗೆ ಎಂಬ ಪ್ರಶ್ನೆ ರಿಸಾರ್ಟಿಗೆ ಮುಂಗಡ ಕೊಟ್ಟ ಮೇಲೆ ಎದ್ದರೆ ಮದುವೆ ಮನೆಯ ಖುಷಿ ಅರ್ಧ ಅಲ್ಲೇ ಕೆಡುತ್ತದೆ.

ಈ ಲೆಕ್ಕ ಶುರುವಾಗಬೇಕಾದ್ದು ಬರಲೇಬೇಕಾದವರಲ್ಲಿ ಯಾರಿಗೆ ಪ್ರಯಾಣ ಎಲ್ಲಕ್ಕಿಂತ ಕಷ್ಟವೋ ಅವರಿಂದ. ನಮ್ಮ ಕಡೆಯ ಮದುವೆಯಲ್ಲಿ ಸೋದರಮಾವನಿಗೆ ಅವನದೇ ಕೆಲಸವಿದೆ. ಸುರಗಿ ಸುತ್ತಲು ಮುತ್ತೈದೆಯರು ಬೇಕು, ಉಡಿ ತುಂಬಲು ದೊಡ್ಡವ್ವ, ಚಿಗವ್ವಂದಿರು ಬೇಕು, ಬಾಸಿಂಗ ಕಟ್ಟುವಾಗ ಪಕ್ಕದಲ್ಲಿ ನಿಲ್ಲಲು ಅತ್ತಿ ಬೇಕು. ಮದುಮಗಳನ್ನು ಮಡಿಲಲ್ಲಿಟ್ಟು ಬೆಳೆಸಿದ ಆಯಿ ದೇವದುರ್ಗದ ಹಳ್ಳಿಯಲ್ಲೇ ಉಳಿದು, ಹುಡುಗನ ಕಚೇರಿಯ ಗೆಳೆಯರು ಸಮುದ್ರದ ದಂಡೆಯಲ್ಲಿ ಅಕ್ಕಿಕಾಳು ಹಾಕಿದರೆ, ಆ ಮದುವೆ ಎಷ್ಟೇ ಚೆಂದವಾದರೂ ಮನೆಯವರ ಎದೆಯಲ್ಲಿ ಒಂದು ಕೊರತೆ ಉಳಿಯುತ್ತದೆ. ವಿದೇಶದಲ್ಲಿ ಮದುವೆ ಮಾಡುವುದು ತಪ್ಪಲ್ಲ. ಆಯಿಯನ್ನು ಬಿಟ್ಟುಹೋಗುವಂಥ ಯೋಜನೆ ಮಾತ್ರ ತಪ್ಪು.

ಈ ಮೂರು ಊರುಗಳ ಮಾತೇ ಯಾಕೆಂದರೆ, ಒಂದೇ ಬಳಗದೊಳಗೆ ಇಷ್ಟೊಂದು ಅಂತರ ಬೇರೆ ಕಡೆ ಸಿಗುವುದು ಅಪರೂಪ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಮಾನ್ವಿ ಭತ್ತದ ಸೀಮೆಯಾಯಿತು. ಆಂಧ್ರದಿಂದ ಬಂದ ಕುಟುಂಬಗಳ ಕ್ಯಾಂಪುಗಳು ಎದ್ದವು, ಅಕ್ಕಿ ಗಿರಣಿಗಳು ಬಂದವು, ಗಿರಣಿಯ ದುಡಿಮೆಯಲ್ಲಿ ಮಕ್ಕಳು ಎಂಜಿನಿಯರಿಂಗ್ ಓದಿ ಪರದೇಶಕ್ಕೆ ಹೋದರು. ದೇವದುರ್ಗಕ್ಕೆ ಕೃಷ್ಣೆಯ ನಾರಾಯಣಪುರ ಬಲದಂಡೆ ಕಾಲುವೆ ಬಂದಿದ್ದು ಎಷ್ಟೋ ತಡವಾಗಿ. ಈಗಲೂ ಅಲ್ಲಿನ ಎಷ್ಟೋ ಮನೆಗಳು ಸುಗ್ಗಿ ಮುಗಿದ ಮೇಲೆ ಬೀಗ ಹಾಕಿಕೊಂಡು ಬೆಂಗಳೂರಿಗೆ ಗುಳೆ ಹೋಗುತ್ತವೆ. ಬೀಗತನ ಮಾತ್ರ ಈ ಗಡಿ ನೋಡಿಲ್ಲ. ಮಾನ್ವಿಯ ಗಿರಣಿ ಮಾಲೀಕರ ಮನೆಗೆ ದೇವದುರ್ಗದ ಒಣಬೇಸಾಯದ ಹಳ್ಳಿಯಿಂದ ಸೊಸೆ ಬಂದಿರಬಹುದು, ಅವಳ ತಮ್ಮ ಗುಳೆ ಹೋದವನಿರಬಹುದು. ಆ ಸೊಸೆಯ ಮಗಳು ಮದುಮಗಳಾದಾಗ ಅವನೇ ಸೋದರಮಾವ.

ಕಾಗದ ಕೇಳುವ ನಿಬ್ಬಣ

ನಿಬ್ಬಣ ಹೊರಡುವ ರೀತಿ ಕಾಲಕಾಲಕ್ಕೆ ಬದಲಾಗಿದೆ. ಎತ್ತಿನ ಬಂಡಿಗಳ ಸಾಲು ಹೋಗಿ ಲಾರಿ, ಟ್ರ್ಯಾಕ್ಟರ್ ಬಂದವು. ಆಮೇಲೆ ಸರ್ಕಾರಿ ಬಸ್ಸನ್ನೇ ಕರಾರಿನ ಮೇಲೆ ತರುವ ರೂಢಿ ಬಂತು. ಈ ಭಾಗದ ಸಾರಿಗೆ ನಿಗಮಕ್ಕೆ 2021ರಲ್ಲಿ ಕಲ್ಯಾಣ ಕರ್ನಾಟಕ ಎಂಬ ಹೆಸರು ಬಂದರೂ ಮದುವೆ ಬಸ್ಸಿನ ಗದ್ದಲ ಹಳೆಯದೇ. ಅವಸರಕ್ಕೆ ಕ್ರೂಸರ್ ಗಾಡಿಗಳಿವೆ. ಇವೆಲ್ಲಕ್ಕೂ ಒಂದು ಗುಣ ಸಮಾನ: ಹತ್ತುವವರ ಹೆಸರನ್ನು ಯಾರೂ ಕೇಳುವುದಿಲ್ಲ. ಕೊನೆ ಗಳಿಗೆಯಲ್ಲಿ ಪಕ್ಕದ ಮನೆಯವರು ಹತ್ತಿದರೂ ಜಾಗ ಆಗುತ್ತದೆ, ಯಾರೋ ಬರದಿದ್ದರೂ ಬಸ್ಸು ನಿಲ್ಲುವುದಿಲ್ಲ. ವಿಮಾನದ ನಿಬ್ಬಣ ಹಾಗಲ್ಲ. ಟಿಕೆಟಿನ ಹೆಸರು, ಪಾಸ್‌ಪೋರ್ಟಿನ ಹೆಸರು ಅಕ್ಷರಕ್ಕೆ ಅಕ್ಷರ ಕೂಡಬೇಕು. ನಮ್ಮ ಹಳ್ಳಿಗಳ ಹಿರಿಯರಿಗೆ ಮೊದಲ ತೊಡಕು ಬರುವುದು ಇಲ್ಲೇ.

ಆಧಾರ್ ಕಾರ್ಡಿನಲ್ಲಿ ಈರಮ್ಮ, ಮತದಾರರ ಚೀಟಿಯಲ್ಲಿ ವೀರಮ್ಮ, ಪಹಣಿಯಲ್ಲಿ ಗಂಡನ ಹೆಸರಿನೊಂದಿಗೆ ಮತ್ತೊಂದು ರೂಪ ಇರುವುದು ಇಲ್ಲಿ ಸಾಮಾನ್ಯ. ಹುಟ್ಟಿದ ದಿನ ಗೊತ್ತಿಲ್ಲದವರಿಗೆಲ್ಲ ಜನವರಿ 1 ಬರೆಯಲಾಗಿದೆ. ಎರಡು ದಾಖಲೆಗಳಲ್ಲಿ ಎರಡು ವರ್ಷ ಇದ್ದರೆ ಪಾಸ್‌ಪೋರ್ಟ್ ಅರ್ಜಿ ಅಲ್ಲೇ ನಿಲ್ಲುತ್ತದೆ. ಆದ್ದರಿಂದ ಅರ್ಜಿ ಹಾಕುವ ಮುಂಚೆಯೇ ಮನೆಯ ಓದಿದ ಹುಡುಗರು ಒಂದು ಸಂಜೆ ಹಿರಿಯರ ಎಲ್ಲ ಕಾಗದಗಳನ್ನು ಮುಂದಿಟ್ಟುಕೊಂಡು ಹೆಸರು, ತಂದೆಯ ಹೆಸರು, ಹುಟ್ಟಿದ ದಿನ, ವಿಳಾಸ ತಾಳೆ ನೋಡಬೇಕು. ಆಧಾರ್ ತಿದ್ದುಪಡಿ ಮೊದಲು, ಪಾಸ್‌ಪೋರ್ಟ್ ಆಮೇಲೆ. ಮದುವೆಗೆ ಹೊರಟ ಮಗುವಿದ್ದರೆ ಅದರ ಕಾಗದವನ್ನೂ ನೋಡಬೇಕು. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಜನನ ಪ್ರಮಾಣಪತ್ರವೊಂದೇ ಹುಟ್ಟಿದ ದಿನಕ್ಕೆ ಆಧಾರ, ಬೇರೆ ದಾಖಲೆ ನಡೆಯುವುದಿಲ್ಲ.

ಪಾಸ್‌ಪೋರ್ಟಿಗಾಗಿ ಹುಬ್ಬಳ್ಳಿಗೋ ಬೆಂಗಳೂರಿಗೋ ಹೋಗಬೇಕಾದ ಕಾಲ ಈಗಿಲ್ಲ. ಅಂಚೆ ಕಚೇರಿಗಳಲ್ಲೇ ಪಾಸ್‌ಪೋರ್ಟ್ ಸೇವಾ ಕೇಂದ್ರ ತೆರೆಯುವ ಯೋಜನೆ 2017ರ ಜನವರಿಯಲ್ಲಿ ಮೈಸೂರು ಮತ್ತು ಗುಜರಾತಿನ ದಾಹೋದ್‌ನಲ್ಲಿ ಶುರುವಾಗಿ, ಮುಂದೆ ರಾಯಚೂರಿಗೂ ಬಂತು. ದೇವದುರ್ಗದಿಂದಾಗಲಿ ಮಾನ್ವಿಯಿಂದಾಗಲಿ ಬೆಳಗ್ಗೆ ಹೊರಟರೆ ಸಂಜೆಗೆ ಮನೆ ಸೇರಬಹುದು. 36 ಪುಟಗಳ ಸಾಮಾನ್ಯ ಪಾಸ್‌ಪೋರ್ಟಿಗೆ ₹1,500. ತತ್ಕಾಲ್‌ನಲ್ಲಿ ಇನ್ನೂ ₹2,000 ಹೆಚ್ಚು. 60 ದಾಟಿದವರಿಗೆ ಶೇ 10ರಷ್ಟು ರಿಯಾಯಿತಿ ಇದೆ. ಈ ಹಣವನ್ನು ಮದುವೆ ಮಾಡುವವರೇ ಕೊಡುವುದು ಮರ್ಯಾದೆ. ಕರೆದವರು ನಾವು, ಪಾಸ್‌ಪೋರ್ಟ್ ಅವರು ಕೇಳಿದ್ದಲ್ಲ.

ಕಠಿಣವಾದ ಗಂಟು ಇರುವುದು ಪೊಲೀಸ್ ಪರಿಶೀಲನೆಯಲ್ಲಿ. ಅರ್ಜಿದಾರರು ಕೊಟ್ಟ ವಿಳಾಸದಲ್ಲಿ ಇದ್ದಾರೆಯೇ ಎಂದು ಠಾಣೆಯಿಂದ ವಿಚಾರಣೆ ನಡೆಯುತ್ತದೆ. ಆ ಹೊತ್ತಿಗೆ ಸೋದರಮಾವ ಬೆಂಗಳೂರಿನ ಯಾವುದೋ ಕಟ್ಟಡದ ಕೆಲಸದಲ್ಲಿದ್ದು, ದೇವದುರ್ಗದ ಮನೆಗೆ ಬೀಗ ಬಿದ್ದಿದ್ದರೆ ವರದಿ ಪ್ರತಿಕೂಲವಾಗಿ ಹೋಗುತ್ತದೆ. ಹಾಗಾಗಿ ಗುಳೆ ಹೋಗುವ ಮನೆಗಳ ಅರ್ಜಿಯನ್ನು ಅವರು ಊರಲ್ಲಿರುವ ತಿಂಗಳುಗಳಲ್ಲೇ, ಮುಂಗಾರಿನ ಬಿತ್ತನೆಗೆ ಬಂದಾಗಲೋ ಹಬ್ಬಕ್ಕೆ ಬಂದಾಗಲೋ ಹಾಕಿ ಮುಗಿಸಬೇಕು. ಪರಿಶೀಲನೆಗಾಗಿ ಒಬ್ಬ ಕೂಲಿಕಾರ ಎರಡು ದಿನ ಕೆಲಸ ಬಿಟ್ಟು ಊರಿಗೆ ಬರಬೇಕಾದರೆ ಆ ಎರಡು ದಿನದ ಕೂಲಿ ಯಾರು ತುಂಬಿಕೊಡುತ್ತಾರೆ ಎಂಬುದನ್ನೂ ಮದುವೆ ಮನೆ ಯೋಚಿಸಬೇಕಾಗುತ್ತದೆ. ರಿಸಾರ್ಟಿನ ಹೂವಿನ ಅಲಂಕಾರಕ್ಕೆ ಇಡುವ ಹಣದ ಮುಂದೆ ಇದು ಏನೇನೂ ಅಲ್ಲ.

ಹತ್ತನೆಯ ತರಗತಿ ದಾಟದ, 50 ತುಂಬದ ಬಂಧುಗಳ ಪಾಸ್‌ಪೋರ್ಟಿನಲ್ಲಿ ಇಸಿಆರ್ ಎಂಬ ಗುರುತು ಬೀಳುತ್ತದೆ. ಕೆಲಸಕ್ಕಾಗಿ ಕೆಲವು ದೇಶಗಳಿಗೆ ಹೋಗುವಾಗ ವಲಸೆ ಅನುಮತಿ ಬೇಕು ಎಂಬುದು ಅದರ ಅರ್ಥ. ಥಾಯ್ಲೆಂಡ್, ಮಲೇಷ್ಯಾ, ಇಂಡೋನೇಷ್ಯಾ, ಯುಎಇ ಎಲ್ಲವೂ ಆ ಪಟ್ಟಿಯಲ್ಲಿವೆ. ಮದುವೆಗೆ ಪ್ರವಾಸಿಗರಾಗಿ ಹೋಗುವವರಿಗೆ ಈ ಅನುಮತಿ ಬೇಡ. ಆದರೂ ವಿಮಾನ ನಿಲ್ದಾಣದ ಅಧಿಕಾರಿ ನಾಲ್ಕು ಪ್ರಶ್ನೆ ಕೇಳಬಹುದು. ಮೊದಲ ಸಲ ವಿಮಾನ ಹತ್ತುವ ರೈತನೊಬ್ಬ ಸಮವಸ್ತ್ರದವರ ಮುಂದೆ ತಡವರಿಸುವುದು ಸಹಜ. ಅಂಥವರ ಕೈಯಲ್ಲಿ ಹಿಂದಿರುಗುವ ಟಿಕೆಟ್, ಹೋಟೆಲ್ ಕಾಯ್ದಿರಿಸಿದ ಚೀಟಿ, ಅವರ ಹೆಸರು ಬರೆದ ಲಗ್ನಪತ್ರಿಕೆ ಮೂರೂ ಇರಲಿ. ಲಗ್ನಪತ್ರಿಕೆಯ ಒಂದು ಇಂಗ್ಲಿಷ್ ಪ್ರತಿ ಇದಕ್ಕಾಗಿಯೇ ಬೇಕು. ಓದಿದ ಬಂಧು ಒಬ್ಬರು ಅವರ ಹಿಂದೆಯೇ ಸಾಲಿನಲ್ಲಿ ನಿಂತಿದ್ದರೆ ಇನ್ನೂ ಒಳ್ಳೆಯದು.

ದುಬೈ ಎಂದುಕೊಂಡವರು ಇನ್ನೊಂದನ್ನು ಗಮನಿಸಬೇಕು. ಹೆಸರು ಮಾತ್ರ ಇದ್ದು ಅಡ್ಡಹೆಸರಿನ ಜಾಗ ಖಾಲಿ ಬಿಟ್ಟಿರುವ ಪಾಸ್‌ಪೋರ್ಟಿಗೆ ಪ್ರವಾಸಿ ವೀಸಾ ಕೊಡುವುದನ್ನು ಯುಎಇ 2022ರ ನವೆಂಬರ್ 21ರಿಂದ ನಿಲ್ಲಿಸಿತು. ನಮ್ಮಲ್ಲಿ ಬಸವರಾಜ, ಹುಲಿಗೆಮ್ಮ, ಮಹಿಬೂಬ ಎಂದಷ್ಟೇ ಬರೆಸಿಕೊಂಡವರು ಊರಿಗೆ ನೂರು ಜನ ಇದ್ದಾರೆ. ತಂದೆಯ ಹೆಸರೋ ಮನೆತನದ ಹೆಸರೋ ಪಾಸ್‌ಪೋರ್ಟಿನಲ್ಲಿ ಸೇರಿಸಿಕೊಳ್ಳುವುದನ್ನು ಅರ್ಜಿಯ ಹಂತದಲ್ಲೇ ಮಾಡಿಬಿಟ್ಟರೆ ಮುಂದಿನ ಅಲೆದಾಟ ತಪ್ಪುತ್ತದೆ. ಮೊದಲೇ ಪಾಸ್‌ಪೋರ್ಟ್ ಇದ್ದವರದ್ದೂ ಒಮ್ಮೆ ತೆಗೆದು ನೋಡಬೇಕು. ಬಹುತೇಕ ದೇಶಗಳು ಪ್ರಯಾಣದ ದಿನದಿಂದ ಇನ್ನೂ ಆರು ತಿಂಗಳ ಅವಧಿ ಉಳಿದಿರಬೇಕು ಎನ್ನುತ್ತವೆ.

ಯಾವ ದೇಶ, ಯಾರಿಗೆ ಸುಲಭ

ದೇಶ ಆರಿಸುವಾಗ ಚಿತ್ರ ನೋಡಿ ಮರುಳಾಗುವುದಕ್ಕಿಂತ ವೀಸಾ ನೋಡುವುದು ಜಾಣತನ. ಥಾಯ್ಲೆಂಡ್ 2023ರ ನವೆಂಬರ್‌ನಿಂದ ಭಾರತೀಯರಿಗೆ ವೀಸಾ ಇಲ್ಲದೆ ಪ್ರವೇಶ ಕೊಡತೊಡಗಿ, 2024ರ ಜುಲೈ 15ರಿಂದ ಅದನ್ನು 60 ದಿನಕ್ಕೆ ಏರಿಸಿತು. ಮಲೇಷ್ಯಾ 2023ರ ಡಿಸೆಂಬರ್ 1ರಿಂದ 30 ದಿನದ ಅವಕಾಶ ಕೊಟ್ಟಿತು. ವೀಸಾ ಇಲ್ಲವೆಂದರೆ ಬರೆಯುವ ಕೆಲಸವೇ ಇಲ್ಲ ಎಂದಲ್ಲ. ಥಾಯ್ಲೆಂಡಿಗೆ 2025ರ ಮೇ 1ರಿಂದ ಪ್ರತಿಯೊಬ್ಬರೂ ಅಲ್ಲಿ ಇಳಿಯುವ ಮುಂಚಿನ ಮೂರು ದಿನದೊಳಗೆ ಆನ್‌ಲೈನ್ ಆಗಮನ ಪತ್ರ ತುಂಬಬೇಕು, ಮಲೇಷ್ಯಾದಲ್ಲೂ ಅಂಥದ್ದೇ ಕ್ರಮವಿದೆ. ನಲವತ್ತು ಜನರ ನಿಬ್ಬಣವೆಂದರೆ ನಲವತ್ತು ಅರ್ಜಿ. ಇದಕ್ಕೆ ಇಬ್ಬರು ಹುಡುಗರನ್ನು ಗೊತ್ತು ಮಾಡಿ, ಆ ಮೂರು ದಿನ ಅವರಿಗೆ ಬೇರೆ ಕೆಲಸ ಹಚ್ಚಬಾರದು. ಬಾಲಿಗೆ ಇಳಿದ ಮೇಲೆ ಪಡೆಯುವ ವೀಸಾಕ್ಕೆ ತಲೆಗೆ 5 ಲಕ್ಷ ಇಂಡೋನೇಷ್ಯಾ ರುಪಿಯಾ, ಜೊತೆಗೆ 2024ರ ಫೆಬ್ರುವರಿಯಿಂದ ದ್ವೀಪದ ಪ್ರವಾಸಿ ಶುಲ್ಕ 1.5 ಲಕ್ಷ ರುಪಿಯಾ. ಇಂಥ ನಿಯಮಗಳು ವರ್ಷದೊಳಗೇ ಬದಲಾಗುತ್ತವೆ. ಟಿಕೆಟ್ ಕೊಳ್ಳುವ ದಿನ ಒಮ್ಮೆ, ಹೊರಡುವ ತಿಂಗಳಲ್ಲಿ ಇನ್ನೊಮ್ಮೆ ಆಯಾ ದೇಶದ ಅಧಿಕೃತ ಮಾಹಿತಿ ನೋಡಲೇಬೇಕು.

ಯುರೋಪು ದೊಡ್ಡ ಬಳಗಕ್ಕೆ ಹೇಳಿದ್ದಲ್ಲ ಎಂದೇ ನನ್ನ ಅಭಿಪ್ರಾಯ. ಷೆಂಗೆನ್ ವೀಸಾಕ್ಕೆ ವಯಸ್ಕರಿಗೆ 90 ಯೂರೊ, ಬೆರಳಚ್ಚು, ಬ್ಯಾಂಕ್ ಲೆಕ್ಕ, ಆದಾಯ ತೆರಿಗೆಯ ಕಾಗದ ಎಲ್ಲ ಬೇಕು. ಹೊಲದ ಆದಾಯದಲ್ಲೇ ಬದುಕುವ ಕಾಕಾ ಎಲ್ಲಿಂದ ತೆರಿಗೆ ಕಾಗದ ತರಬೇಕು? ನಮ್ಮ ರಾಜ್ಯದವರಿಗೆ ಚಿರಪರಿಚಿತವಾದ ಇಟಲಿಯ ಮದುವೆ ದೀಪಿಕಾ ಪಡುಕೋಣೆ ಅವರದ್ದು. 2018ರ ನವೆಂಬರ್ 14 ಮತ್ತು 15ರಂದು ಕೋಮೊ ಸರೋವರದ ದಂಡೆಯ ಬಂಗಲೆಯಲ್ಲಿ ಆದ ಆ ಮದುವೆಗೆ ಹೋದವರು ತೀರಾ ಹತ್ತಿರದವರಷ್ಟೇ. ವಾರ ಕಳೆಯುವುದರೊಳಗೆ, ನವೆಂಬರ್ 21ರಂದು ಬೆಂಗಳೂರಿನಲ್ಲಿ ಆರತಕ್ಷತೆ ಆಯಿತು. ಅಷ್ಟು ಸಿರಿವಂತ ಮನೆಯವರೂ ಎಲ್ಲರನ್ನೂ ಅಲ್ಲಿಗೆ ಕರೆದೊಯ್ಯಲಿಲ್ಲ. ದೂರದ ದೇಶದಲ್ಲಿ ಚಿಕ್ಕದಾಗಿ ಮದುವೆ, ಊರಲ್ಲಿ ದೊಡ್ಡದಾಗಿ ಊಟ ಎಂಬ ಆ ಕ್ರಮ ನಮ್ಮ ಭಾಗಕ್ಕೂ ಹೊಂದುತ್ತದೆ.

ಪಾಸ್‌ಪೋರ್ಟೇ ಇಲ್ಲದ ಹಿರಿಯರು ಹೆಚ್ಚಿದ್ದು, ಪರದೇಶವೇ ಆಗಬೇಕೆಂದರೆ ನೇಪಾಳ ಇದೆ. ಭಾರತೀಯರು ಅಲ್ಲಿಗೆ ಚುನಾವಣಾ ಆಯೋಗದ ಮತದಾರರ ಚೀಟಿಯ ಮೇಲೆ ಹೋಗಬಹುದು. 65 ದಾಟಿದವರಿಗೆ, 15ರ ಒಳಗಿನ ಮಕ್ಕಳಿಗೆ ಆಧಾರ್ ಕೂಡ ನಡೆಯುತ್ತದೆ. ಭೂತಾನಕ್ಕೂ ಮತದಾರರ ಚೀಟಿ ಸಾಕು, ಆದರೆ ಅಲ್ಲಿ ತಲೆಗೆ ರಾತ್ರಿಗೆ ₹1,200 ಶುಲ್ಕ. ನೇಪಾಳಕ್ಕೆ ನಮ್ಮ ಕಡೆ ಇನ್ನೊಂದು ಸೆಳೆತವೂ ಇದೆ. ಮಾನ್ವಿ ಹರಿದಾಸರಾದ ಜಗನ್ನಾಥದಾಸರ ಊರು. ವಿಜಯದಾಸರ ಚೀಕಲಪರವಿ ಅದೇ ತಾಲ್ಲೂಕಿನಲ್ಲಿದೆ, ಗೋಪಾಲದಾಸರ ಮೊಸರುಕಲ್ಲು ದೇವದುರ್ಗದ ಕಡೆ. ಈ ದಾಸರ ಸೀಮೆಯ ಮಾಧ್ವ ಕುಟುಂಬಗಳಿಗೆ ನೇಪಾಳದ ಗಂಡಕಿ ನದಿ, ಮುಕ್ತಿನಾಥ ಎಂದರೆ ಸಾಲಿಗ್ರಾಮದ ನೆಲ, ಜೀವನದಲ್ಲೊಮ್ಮೆ ನೋಡಬೇಕೆನ್ನುವ ಕ್ಷೇತ್ರ. ಕಠ್ಮಂಡುವಿನಲ್ಲಿ ಲಗ್ನ ಎಂದರೆ ಆಯಿಯೇ ಮೊದಲು ಚೀಲ ಕಟ್ಟುತ್ತಾರೆ. ಮುಕ್ತಿನಾಥ ಬಹಳ ಎತ್ತರದಲ್ಲಿರುವುದರಿಂದ ಉಸಿರಾಟ, ಹೃದಯದ ತೊಂದರೆ ಇದ್ದವರು ವೈದ್ಯರನ್ನು ಕೇಳದೆ ಅಲ್ಲಿಗೆ ಹೋಗಬಾರದು.

ದೇಶದೊಳಗೇ ಮದುವೆ ಮಾಡಿ ಎಂದು ಪ್ರಧಾನಿ ನರೇಂದ್ರ ಮೋದಿ 2023ರ ನವೆಂಬರ್ 26ರ ಮನದ ಮಾತು (ಮನ್ ಕಿ ಬಾತ್) ಬಾನುಲಿ ಭಾಷಣದಲ್ಲಿ ಕೇಳಿಕೊಂಡಿದ್ದರು. ಹಂಪಿ, ಆನೆಗೊಂದಿಯ ತುಂಗಭದ್ರೆಯ ದಂಡೆ ನಮ್ಮ ಮೂರೂ ಊರಿನಿಂದ ಅರ್ಧ ದಿನದ ದಾರಿಯಲ್ಲೇ ಇದೆ. ಆದರೆ ಆಯ್ಕೆ ಮನೆಯವರದು. ಪರದೇಶವನ್ನೇ ಆರಿಸಿಕೊಂಡವರಿಗೆ ಬೇಕಾದ ಮಾತು ಇಲ್ಲಿನದು.

ಮುಹೂರ್ತ, ಸುಗ್ಗಿ, ಮಳೆ

ದಿನ ಇಡುವಾಗ ಮೂರು ಪಂಚಾಂಗ ನೋಡಬೇಕು. ಒಂದು ಪುರೋಹಿತರದು, ಒಂದು ಹೊಲದ್ದು, ಇನ್ನೊಂದು ಆ ದೇಶದ ಹವೆಯದ್ದು. 2026ರಲ್ಲಿ ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ. ಮುಂದೆ ಆಷಾಢ ಸೇರಿದರೆ ಆಗಸ್ಟ್ ಮಧ್ಯದವರೆಗೆ ಒಳ್ಳೆಯ ದಿನಗಳು ಕಡಿಮೆ. ಉಳಿದ ದಿನಗಳಿಗೆ ಎಲ್ಲರೂ ಮುಗಿಬಿದ್ದಾಗ ಟಿಕೆಟಿನ ದರ ಏರುತ್ತದೆ. ಲಗ್ನದ ವೇಳೆ ಊರಿಂದೂರಿಗೆ ಬೇರೆ ಎಂಬುದೂ ನೆನಪಿರಲಿ. ಥಾಯ್ಲೆಂಡ್ ನಮಗಿಂತ ಒಂದೂವರೆ ತಾಸು ಮುಂದೆ, ಬಾಲಿ ಎರಡೂವರೆ ತಾಸು ಮುಂದೆ, ದುಬೈ ಒಂದೂವರೆ ತಾಸು ಹಿಂದೆ. ಗಡಿಯಾರ ತಿರುಗಿಸಿದರಷ್ಟೇ ಸಾಲದು. ಆ ಸ್ಥಳದ ಸೂರ್ಯೋದಯಕ್ಕೆ ಮುಹೂರ್ತವನ್ನು ಹೊಸದಾಗಿ ತೆಗೆಯಲು ಪುರೋಹಿತರಿಗೆ ಮೊದಲೇ ಹೇಳಬೇಕು.

ನವೆಂಬರ್, ಡಿಸೆಂಬರ್‌ನಲ್ಲಿ ಭತ್ತದ ಕೊಯ್ಲು, ಹತ್ತಿ ಬಿಡಿಸುವ ಕೆಲಸ. ಏಪ್ರಿಲ್, ಮೇನಲ್ಲಿ ಎರಡನೇ ಬೆಳೆಯ ಸುಗ್ಗಿ. ಆ ದಿನಗಳಲ್ಲಿ ರೈತನನ್ನು ಪರದೇಶಕ್ಕೆ ಕರೆಯುವುದೆಂದರೆ ಬರಬೇಡ ಎಂದ ಹಾಗೆಯೇ. ಹೊಲದ ಕಡೆಯಿಂದ ನೋಡಿದರೆ ಫೆಬ್ರುವರಿ ಅನುಕೂಲ. ಮಾಘದ ಮುಹೂರ್ತಗಳಿರುತ್ತವೆ, ಮಕ್ಕಳ ಪರೀಕ್ಷೆ ಇನ್ನೂ ಮುಂದಿರುತ್ತದೆ. ಫುಕೆಟ್ ಕಡೆ ಆಗ ಸಮುದ್ರ ಶಾಂತ, ಆಕಾಶ ತಿಳಿ. ಅದೇ ಫೆಬ್ರುವರಿಯಲ್ಲಿ ಬಾಲಿಗೆ ಮಳೆಗಾಲ. ಫುಕೆಟ್‌ನ ಮಳೆ ಮೇನಿಂದ ಅಕ್ಟೋಬರ್‌ವರೆಗೆ. ಎರಡನೇ ಬೆಳೆಗೆ ನೀರು ಬಿಟ್ಟ ವರ್ಷ ಮಾನ್ವಿ, ರಾಯಚೂರಿನ ಕಾಲುವೆ ಕೊನೆ ಭಾಗದ ರೈತರು ಫೆಬ್ರುವರಿಯಲ್ಲೂ ರಾತ್ರಿ ನೀರು ಕಾಯುತ್ತಾರೆ. ಅವರು ಬಿಟ್ಟು ಬರಬಹುದಾದದ್ದು ಮೂರು, ನಾಲ್ಕು ದಿನ. ಆದ್ದರಿಂದ ಮದುವೆಯ ಕಾರ್ಯಕ್ರಮವನ್ನು ಒಂದು ವಾರಕ್ಕೆ ಎಳೆಯದೆ, ಹೋಗಿಬರುವ ದಾರಿಯೂ ಸೇರಿ ಐದು ದಿನದೊಳಗೆ ಮುಗಿಸುವುದು ಮೇಲು. ಸುತ್ತಾಡುವ ಆಸೆ ಇದ್ದವರು ಹಿಂದೆ ಉಳಿಯಲಿ.

ಶಂಶಾಬಾದಿನ ದಾರಿ

ಕರ್ನಾಟಕದವರಾದರೂ ನಮಗೆ ಹತ್ತಿರದ ದೊಡ್ಡ ವಿಮಾನ ನಿಲ್ದಾಣ ಬೆಂಗಳೂರಲ್ಲ, ಹೈದರಾಬಾದು. ರಾಯಚೂರಿನಿಂದ ಬೆಂಗಳೂರು 400 ಕಿ.ಮೀ. ದಾಟುತ್ತದೆ, ಹೈದರಾಬಾದಿನ ನಿಲ್ದಾಣವಿರುವ ಶಂಶಾಬಾದ್ ಅದರ ಅರ್ಧದಷ್ಟು. 2008ರಲ್ಲಿ ಶುರುವಾದ ಈ ನಿಲ್ದಾಣ ಹೈದರಾಬಾದಿನ ದಕ್ಷಿಣಕ್ಕೆ, ನಮ್ಮ ಕಡೆಗೇ ಇರುವುದರಿಂದ ನಗರದ ಗದ್ದಲ ಹೊಗಬೇಕಿಲ್ಲ. ಶಕ್ತಿನಗರ ದಾಟಿ, ಕೃಷ್ಣೆ ದಾಟಿ, ಮಕ್ತಲ್, ಮಹಬೂಬ್‌ನಗರ, ಜಡ್ಚರ್ಲ ಹಾದು ಹೋದರೆ ಸುಮಾರು ನಾಲ್ಕು ತಾಸು. ದೇವದುರ್ಗದವರಿಗೆ ಇನ್ನೊಂದು ತಾಸಿಗೂ ಹೆಚ್ಚು. ಬ್ಯಾಂಕಾಕ್, ದುಬೈ, ಸಿಂಗಪುರಕ್ಕೆ ಅಲ್ಲಿಂದ ನೇರ ವಿಮಾನಗಳಿವೆ. ಬ್ಯಾಂಕಾಕಿಗೆ ಮೂರೂವರೆ ತಾಸಿನ ಹಾರಾಟ. ಎಷ್ಟೋ ವಿಮಾನಗಳು ಹೊರಡುವುದು ನಡುರಾತ್ರಿಯ ಮೇಲೆ, ಮುಟ್ಟಬೇಕಾದ್ದು ಮೂರು ತಾಸು ಮುಂಚೆ. ಹಾಗಾಗಿ ದೇವದುರ್ಗದಿಂದ ಮಧ್ಯಾಹ್ನದ ಊಟ ಮುಗಿಸಿ ಹೊರಟು, ಮಹಬೂಬ್‌ನಗರದ ಆಸುಪಾಸು ಸಂಜೆಯ ಚಹಾಕ್ಕೆ ನಿಂತು ಹೋದರೆ ಹಿರಿಯರಿಗೆ ದಣಿವಾಗುವುದಿಲ್ಲ. ಮಾನ್ವಿ, ದೇವದುರ್ಗದ ಗಾಡಿಗಳು ರಾಯಚೂರಿನಲ್ಲಿ ಕೂಡಿ, ಅಲ್ಲಿ ಒಮ್ಮೆ ಎಲ್ಲರ ಪಾಸ್‌ಪೋರ್ಟ್ ಎಣಿಸಿ ಮುಂದೆ ಹೊರಡಬೇಕು. ಶಕ್ತಿನಗರ ದಾಟಿದ ಮೇಲೆ ನೆನಪಾದ ಪಾಸ್‌ಪೋರ್ಟನ್ನು ತರಿಸುವುದು ಸುಲಭವಲ್ಲ.

ದಾರಿಯಲ್ಲಿ ನದಿಯ ಲೆಕ್ಕವೂ ಇದೆ. ದೇವಸೂಗೂರು ಬಳಿಯ ಕೃಷ್ಣಾ ಸೇತುವೆ ನಿಜಾಮರ ಕಾಲದ್ದು. ದುರಸ್ತಿಗೆಂದು ಸಂಚಾರ ನಿಲ್ಲಿಸಿದ್ದೂ ಉಂಟು. ಮಳೆಗಾಲದಲ್ಲಿ ನಾರಾಯಣಪುರ ಜಲಾಶಯದಿಂದ ನೀರು ಬಿಟ್ಟಾಗ ದೇವದುರ್ಗದ ಹೂವಿನಹೆಡಗಿ ಸೇತುವೆ ಮುಳುಗಿ ಶಹಾಪುರದ ಕಡೆಯ ದಾರಿ ಕಟ್ಟಾಗುತ್ತದೆ. ಶ್ರಾವಣದಲ್ಲಿ ದಿನ ಇಟ್ಟವರು ಆ ಕಡೆಯ ಬೀಗರನ್ನು ಒಂದು ದಿನ ಮುಂಚೆಯೇ ರಾಯಚೂರಿಗೆ ಕರೆಸಿಕೊಳ್ಳಲಿ. ರೈಲಿನಲ್ಲಿ ಬರುವವರಿಗೆ 2023ರ ಅಕ್ಟೋಬರ್ 1ರಂದು ಕೃಷ್ಣಾ ನಿಲ್ದಾಣದ ಹೊಸ ಮಾರ್ಗದಲ್ಲಿ ಶುರುವಾದ ಕಾಚಿಗುಡ ರೈಲಿದೆ. ಅಂತರರಾಷ್ಟ್ರೀಯ ವಿಮಾನ ಹಿಡಿಯಲು ರೈಲೊಂದನ್ನೇ ನಂಬುವುದು ಬೇಡ.

ಮೊದಲ ಸಲ ವಿಮಾನ ಹತ್ತುವ ಹಿರಿಯರನ್ನು ಗುಂಪಾಗಿ ಕರೆದೊಯ್ಯುವ ವಿದ್ಯೆ ನಮ್ಮ ಜಿಲ್ಲೆಗೆ ಹೊಸದಲ್ಲ. ಈ ಭಾಗದ ಹಜ್ ಯಾತ್ರಿಗಳು ಹೈದರಾಬಾದಿನಿಂದಲೇ ಹೊರಡುತ್ತಾರೆ. ಹೊರಡುವ ಮುಂಚೆ ಅವರಿಗೆ ತರಬೇತಿ ಶಿಬಿರ ನಡೆಯುತ್ತದೆ. ಸಾಮಾನಿಗೆ ಗುರುತು, ಕೈಗೆ ಗುರುತಿನ ಬಳೆ, ಕೊರಳಿಗೆ ಚೀಟಿ ಇರುತ್ತವೆ, ಜೊತೆಗೆ ನೋಡಿಕೊಳ್ಳುವವರು ಇರುತ್ತಾರೆ. ಕಳೆದುಹೋದವರನ್ನು ಹುಡುಕುವ ಕ್ರಮ ಮೊದಲೇ ಗೊತ್ತಿರುತ್ತದೆ. ಮದುವೆ ಮನೆಯವರು ಬೆಂಗಳೂರಿನ ಈವೆಂಟ್ ಕಂಪನಿಯನ್ನು ಕೇಳುವ ಮುಂಚೆ ತಮ್ಮೂರಿನಲ್ಲಿ ಹಜ್, ಉಮ್ರಾ ಗುಂಪು ಕರೆದೊಯ್ದು ಅನುಭವ ಇರುವವರನ್ನು ಕೇಳಿದರೆ ಹೆಚ್ಚು ಕಲಿಯಬಹುದು ಎಂದು ನಾನು ನಂಬುತ್ತೇನೆ. ಒಂದು ಸಂಜೆ ಮನೆಯಲ್ಲೇ ಎಲ್ಲರನ್ನೂ ಕೂಡಿಸಿ ಬೆಲ್ಟ್ ಹಾಕುವುದು, ಶೌಚಾಲಯದ ಬಾಗಿಲು, ಕಿವಿ ಕಟ್ಟುವುದು, ಭದ್ರತಾ ತಪಾಸಣೆ ಹೇಗೆಂದು ಹೇಳಿದರೆ ಅರ್ಧ ಅಂಜಿಕೆ ಹೋಗುತ್ತದೆ. ಹೋಟೆಲಿನ ಹೆಸರು, ವಿಳಾಸವನ್ನು ಆ ದೇಶದ ಲಿಪಿಯಲ್ಲಿ, ಮನೆಯವರ ಫೋನ್ ಸಂಖ್ಯೆಯ ಜೊತೆ ಬರೆದ ಚೀಟಿ ಪ್ರತಿಯೊಬ್ಬರ ಕೊರಳಲ್ಲಿ ಇರಲಿ. ಓದಲು ಬಾರದವರಿಗೆ ವಾಟ್ಸ್‌ಆ್ಯಪ್‌ನಲ್ಲಿ ಬರೆದು ಕಳಿಸಿ ಉಪಯೋಗವಿಲ್ಲ, ಕನ್ನಡದಲ್ಲಿ ಮಾತಾಡಿ ಕಳಿಸಬೇಕು. ಮಂಡಿನೋವಿನವರಿಗೆ ಗಾಲಿಕುರ್ಚಿ ಬೇಕೆಂದು ಟಿಕೆಟ್ ಮಾಡುವಾಗಲೇ ಹೇಳಬೇಕು. "ನಾ ನಡೀತೀನಿ ಬಿಡಪ್ಪ" ಎನ್ನುವ ಮುತ್ಯಾನಿಗೂ ಅದನ್ನು ಕೇಳಿಯೇ ಇಡಿ. ಆ ನಿಲ್ದಾಣಗಳಲ್ಲಿ ನಡೆಯುವ ದೂರ ದೊಡ್ಡದು.

ಹತ್ತಕ್ಕಿಂತ ಹೆಚ್ಚು ಜನ ಒಂದೇ ವಿಮಾನದಲ್ಲಿ ಹೊರಟರೆ ವಿಮಾನ ಕಂಪನಿಗಳು ಗುಂಪಿನ ದರ ಕೊಡುವುದುಂಟು. ಮುಂಗಡ ಕೊಟ್ಟು ಸೀಟು ಹಿಡಿದು, ಹೆಸರುಗಳನ್ನು ಆಮೇಲೆ ಕೊಡುವ ಅವಕಾಶ ಇದರ ದೊಡ್ಡ ಅನುಕೂಲ. ಪಾಸ್‌ಪೋರ್ಟ್ ಇನ್ನೂ ಬರದವರು ಇರುವ ನಮ್ಮಂಥ ಬಳಗಕ್ಕೆ ಇದೇ ಸರಿಯಾದ ದಾರಿ.

ಉಡಿಯ ಕೊಬ್ಬರಿ, ಮದುಮಗಳ ಬಂಗಾರ

ಉಡಿ ತುಂಬಲು ಕೊಬ್ಬರಿ ಬಟ್ಟಲು ಬೇಕು. ವಿಮಾನದಲ್ಲಿ ಒಣ ಕೊಬ್ಬರಿ ಒಯ್ಯಲು ಬಿಡುವುದಿಲ್ಲ. ಎಣ್ಣೆಯಂಶ ಹೆಚ್ಚಿದ್ದು ತಾನಾಗಿ ಬಿಸಿಯೇರಿ ಬೆಂಕಿ ಹಿಡಿಯಬಲ್ಲ ವಸ್ತು ಎಂದು ಅದನ್ನು ಅಪಾಯದ ಪಟ್ಟಿಯಲ್ಲಿ ಸೇರಿಸಿದ್ದಾರೆ. ಥಾಯ್ಲೆಂಡ್, ಬಾಲಿಯಲ್ಲಿ ತೆಂಗಿಗೆ ಬರವಿಲ್ಲ. ಅಲ್ಲಿಯ ಹಸಿ ತೆಂಗಿನಕಾಯಿಯಲ್ಲೇ ಉಡಿ ತುಂಬಬಹುದೇ ಎಂದು ಮನೆಯ ಹಿರಿಯ ಹೆಂಗಸರನ್ನು ಮೊದಲೇ ಕೇಳಿ ಒಪ್ಪಿಸಿಕೊಳ್ಳಿ. ದುಬೈಗೆ ಹೋಗುವವರು ಗಸಗಸೆ ಮುಟ್ಟಲೇಬಾರದು. ನಮ್ಮಲ್ಲಿ ಪಾಯಸದ ಸಾಮಾನು, ಅಲ್ಲಿ ಮಾದಕವಸ್ತು, ಜೈಲಿಗೆ ಹೋಗಬೇಕಾಗುತ್ತದೆ. ವೀಳ್ಯದೆಲೆಗೂ ಅಲ್ಲಿ ನಿಷೇಧ. ಊಟವಾದ ಮೇಲೆ ಎಲೆ ಅಡಿಕೆ ಇಲ್ಲದೆ ಆಗದ ಮುತ್ಯಾಗಳಿಗೆ ಇದನ್ನು ವಾರ ಮುಂಚೆಯೇ ತಿಳಿಸಿ, ಹೊರಡುವ ದಿನ ಅವರ ಚೀಲ ಒಮ್ಮೆ ನೋಡಬೇಕು. ಟ್ರಮಡಾಲ್, ಕೊಡೀನ್ ಇರುವ ನೋವಿನ ಮಾತ್ರೆಗಳ ಮೇಲೂ ಅಲ್ಲಿ ಬಿಗಿ ನಿಯಂತ್ರಣವಿದೆ. ಸಕ್ಕರೆ ಕಾಯಿಲೆ, ಬಿಪಿ ಮಾತ್ರೆಗಳನ್ನು ವೈದ್ಯರ ಇಂಗ್ಲಿಷ್ ಚೀಟಿಯೊಂದಿಗೆ ಕೈಚೀಲದಲ್ಲೇ ಇಟ್ಟುಕೊಳ್ಳಬೇಕು. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ ದೊಡ್ಡ ಪೆಟ್ಟಿಗೆಯಲ್ಲಿ ಚೆನ್ನಾಗಿ ಕಟ್ಟಿ ಒಯ್ದರೆ ಆಯಿಯ ಹೊಟ್ಟೆ ನೆಮ್ಮದಿಯಾಗಿರುತ್ತದೆ. ಎಷ್ಟು ದೊಡ್ಡ ಹೋಟೆಲಾದರೂ ಜೋಳದ ರೊಟ್ಟಿ ಅಲ್ಲಿ ಸಿಗುವುದಿಲ್ಲ.

ಬಂಗಾರದ ವಿಷಯದಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು. ಮದುಮಗಳ ಒಡವೆಯನ್ನು ಇಲ್ಲಿಂದ ಒಯ್ದು ಮರಳಿ ತರುವಾಗ ಅದು ಪರದೇಶದಲ್ಲಿ ಕೊಂಡದ್ದಲ್ಲ ಎಂದು ತೋರಿಸಬೇಕಾಗುತ್ತದೆ. ಹೊರಡುವ ದಿನ ವಿಮಾನ ನಿಲ್ದಾಣದ ಕಸ್ಟಮ್ಸ್ ಕಚೇರಿಯಲ್ಲಿ ಒಡವೆ ತೋರಿಸಿ ರಫ್ತು ಪ್ರಮಾಣಪತ್ರ ಮಾಡಿಸಿಕೊಳ್ಳುವ ವ್ಯವಸ್ಥೆ ಇದೆ. ಅದಕ್ಕೆ ಅಕ್ಕಸಾಲಿಗರ ಮೌಲ್ಯದ ಚೀಟಿ, ಒಡವೆಯ ಫೋಟೊ ಜೊತೆಗಿರಬೇಕು, ಒಂದೆರಡು ತಾಸು ಹೆಚ್ಚು ಕೈಯಲ್ಲಿರಬೇಕು. ಎಲ್ಲ ಒಡವೆ ಒಬ್ಬರ ಚೀಲದಲ್ಲೇ ಹಾಕುವ ನಮ್ಮ ರೂಢಿ ಇಲ್ಲಿ ತೊಂದರೆ ತರುತ್ತದೆ.

ಅಮೆರಿಕದಲ್ಲಿ ಎಚ್-1ಬಿ ಕೆಲಸದ ವೀಸಾದ ಮೇಲೆ ದುಡಿಯುವ ಮದುಮಗನ ಕಾಗದ ಎಲ್ಲರಿಗಿಂತ ಸೂಕ್ಷ್ಮ. ವೀಸಾ ಮುದ್ರೆಯ ಅವಧಿ ಮುಗಿದಿದ್ದರೆ ಮೂರನೆಯ ದೇಶದಲ್ಲಿ ಅದನ್ನು ಮಾಡಿಸುವ ದಾರಿಯನ್ನು ಅಮೆರಿಕ 2025ರ ಸೆಪ್ಟೆಂಬರ್‌ನಲ್ಲಿ ಬಿಗಿ ಮಾಡಿತು. ಅದೇ ವರ್ಷದ ಡಿಸೆಂಬರ್ 15ರಿಂದ ಅರ್ಜಿದಾರರ ಸಾಮಾಜಿಕ ಜಾಲತಾಣಗಳ ತಪಾಸಣೆ ಶುರುವಾಗಿ ಭಾರತದಲ್ಲಿ ಗೊತ್ತಾಗಿದ್ದ ಸಂದರ್ಶನಗಳು ತಿಂಗಳುಗಟ್ಟಲೆ ಮುಂದೆ ಹೋದವು, ಎಷ್ಟೋ ಮಂದಿ ಕೆಲಸಕ್ಕೆ ಮರಳಲಾಗದೆ ಇಲ್ಲೇ ಉಳಿದರು. ಎಲ್ಲರಿಗೂ ನಡುವಿನ ಜಾಗ ಎಂದು ಹುಡುಗ ಹೇಳಿದಾಗ ಅವನ ವೀಸಾ ಮುದ್ರೆ ಎಂದಿನವರೆಗೆ ಇದೆ ಎಂದು ಕೇಳಲು ಬೀಗರು ಸಂಕೋಚಪಡಬಾರದು.

ಖರ್ಚಿನ ಮಾತು ಲಗ್ನಪತ್ರಿಕೆಯ ಜೊತೆಯಲ್ಲೇ ಬಾಯಿಬಿಟ್ಟು ಹೇಳಿಬಿಡಬೇಕು. ಟಿಕೆಟ್ ಯಾರದು, ಕೋಣೆ ಯಾರದು, ವಿಮೆ ಯಾರದು ಎಂಬುದು ಗೊತ್ತಾಗದೆ ಎಷ್ಟೋ ಬಂಧುಗಳು ಆರೋಗ್ಯದ ನೆಪ ಹೇಳಿ ಸುಮ್ಮನಾಗುತ್ತಾರೆ. ಬಡ ಬಂಧುವಿಗೆ ಬಿಡಿಬಿಡಿಯಾಗಿ ಕೊಡುವುದಕ್ಕಿಂತ ಊರಿನ ಎಲ್ಲ ಹಿರಿಯರಿಗೂ ಒಂದೇ ಕ್ರಮ ಇಟ್ಟರೆ ಯಾರಿಗೂ ಕೀಳೆನಿಸುವುದಿಲ್ಲ. ಮುಯ್ಯಿ, ಆಹೇರಿ ಬೇಡವೆಂದೂ ಬರೆಸಬೇಕು. ಪರದೇಶದ ಪ್ರವಾಸ ಪ್ಯಾಕೇಜಿಗೆ ಹಣ ಕಟ್ಟುವಾಗ ಮೂಲದಲ್ಲೇ ತೆರಿಗೆ ಸಂಗ್ರಹವಾಗುತ್ತದೆ, ಅದು ಹಣ ಕಟ್ಟಿದವರ ಪ್ಯಾನ್ ಲೆಕ್ಕಕ್ಕೆ ಸೇರುತ್ತದೆ, ಆದಾಯ ತೆರಿಗೆ ವಿವರ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದು. ದರ ಬಜೆಟಿನಿಂದ ಬಜೆಟಿಗೆ ಬದಲಾಗುತ್ತದೆ, ಕಟ್ಟುವ ಮುಂಚೆ ಲೆಕ್ಕಪರಿಶೋಧಕರನ್ನು ಕೇಳಿ. ಮದುವೆಯ ನೋಂದಣಿಯೂ ಬೇರೆಯೇ ಕೆಲಸ. ರಿಸಾರ್ಟಿನಲ್ಲಿ ತಾಳಿ ಕಟ್ಟಿದ ಮಾತ್ರಕ್ಕೆ ಸರ್ಕಾರಿ ಪ್ರಮಾಣಪತ್ರ ಬರುವುದಿಲ್ಲ. 1969ರ ವಿದೇಶಿ ವಿವಾಹ ಕಾಯ್ದೆಯಂತೆ ಭಾರತದ ದೂತಾವಾಸದಲ್ಲಿ ಮಾಡಿಸಬಹುದು, ಇಲ್ಲವೇ ಊರಲ್ಲೇ ಶಾಸ್ತ್ರ ಮುಗಿಸಿ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಬಹುದು. ಗಂಡನ ಜೊತೆ ಅಮೆರಿಕಕ್ಕೆ ಹೋಗಬೇಕಾದ ಹುಡುಗಿಗೆ ವೀಸಾ ಅರ್ಜಿಯ ದಿನವೇ ಆ ಕಾಗದ ಬೇಕಾಗುತ್ತದೆ.

ಎಷ್ಟು ಮಾಡಿದರೂ ಬರಲಾಗದವರು ಇರುತ್ತಾರೆ. ಹಾಸಿಗೆ ಹಿಡಿದ ಮುತ್ಯಾ, ಬಾಣಂತಿ ತಂಗಿ, ದನಕರು ಬಿಟ್ಟು ಬರಲಾಗದ ಕಾಕಾ, ಮನೆಗೆಲಸದಲ್ಲಿ ಇಪ್ಪತ್ತು ವರ್ಷ ದುಡಿದ ಹೆಣ್ಣುಮಗಳು. ಅವರಿಗೆ ಮೊಬೈಲಿನಲ್ಲಿ ನೇರಪ್ರಸಾರ ತೋರಿಸಿದರೆ ಸಾಲದು. ಹಂದರ, ಸುರಗಿ, ದೇವರ ಕಾರ್ಯ, ಅರಿಶಿನ ಊರಲ್ಲೇ ಆಗಲಿ. ತಾಳಿ ಅಲ್ಲಿ ಕಟ್ಟಿದರೂ ಅವರ ಕೈಯ ಅರಿಶಿನ ಹುಡುಗಿಯ ಮೈಮೇಲೆ ಇರಲಿ. ಮರಳಿ ಬಂದ ಮೇಲೆ ಊರೂಟದ ದಿನವನ್ನು ಅದೇ ಲಗ್ನಪತ್ರಿಕೆಯಲ್ಲಿ, ಅದೇ ಗಾತ್ರದ ಅಕ್ಷರದಲ್ಲಿ ಅಚ್ಚು ಹಾಕಿಸಿ, ಆ ಪತ್ರಿಕೆಯನ್ನು ಕುಂಕುಮ ಹಚ್ಚಿ ಮನೆಮನೆಗೆ ಹೋಗಿ ಕೊಡಬೇಕು.